ಅವ್ವ ಕಳೆದುಹೋದ ಮಧ್ಯಾಹ್ನ

ನಮ್ಮ ಕಡೆ ಯಾರಾದರೂ ಬೆಂಗಳೂರಿಗೆ ಹೊರಟರೆ ಸುಮ್ಮನೆ ಬಸ್ಸು ಹತ್ತಿಸಿ ಕಳಿಸುವ ಪದ್ಧತಿಯಿಲ್ಲ. ರೊಟ್ಟಿ ಬುತ್ತಿಯ ಜೊತೆಗೆ ಒಂದಿಷ್ಟು ಭಯವನ್ನೂ ಕಟ್ಟಿಕೊಡುತ್ತಾರೆ. ಈ ವಿದ್ಯೆಯಲ್ಲಿ ಕೆರೆಬಿಳಚಿಯ ನನ್ನ ಸೋದರತ್ತೆಯನ್ನು ಮೀರಿಸಿದವರಿಲ್ಲ. ಅವರು ಬೆಂಗಳೂರನ್ನು ಕಣ್ಣಾರೆ ಕಂಡವರಲ್ಲ. ಕಾಣದೆ ಇದ್ದುದರಿಂದ ಅವರ ತಿಳಿವಳಿಕೆಗೆ ಯಾವ ಅಡ್ಡಿಯೂ ಆಗಿರಲಿಲ್ಲ.

ನಮ್ಮವ್ವ ಬೆಂಗಳೂರಿಗೆ ಹೊರಟಾಗ ಅತ್ತೆ ಚನ್ನಗಿರಿ ತಾಲ್ಲೂಕಿನಿಂದ ಜಗಳೂರಿನ ನಮ್ಮ ಮನೆಯವರೆಗೆ ಬಸ್ಸು ಬದಲಾಯಿಸಿಕೊಂಡು ಬಂದಿದ್ದರು, ಬುದ್ಧಿ ಹೇಳುವುದಕ್ಕೆಂದೇ.

“ಕೊರಳಾಗಿನ ಬಂಗಾರ ಬಿಚ್ಚಿಟ್ಟು ಹೋಗು. ಅರಿಶಿನದ ಕೊಂಬು ಕಟ್ಕೋ, ಅದೂ ತಾಳೀನೇ. ಫೋನು ಕೈಯಾಗೆ ಹಿಡ್ಕಬ್ಯಾಡ, ಕಿತ್ಕೊಂಡು ಓಡ್ತಾರೆ. ಯಾರಾದ್ರೂ ನೀರು ಕೊಟ್ರೆ ಕುಡೀಬ್ಯಾಡ. ಯಾವೂರು ಅಂತ ಕೇಳಿದ್ರೆ ಹೇಳಬ್ಯಾಡ. ಬಾಯೇ ಬಿಡಬ್ಯಾಡ. ಮಾತಾಡಿದ್ಯೋ, ಹಳ್ಳಿಯೋಳು ಅಂತ ಗೊತ್ತಾಗಿಬಿಡ್ತೈತೆ.”

ಅವ್ವ ತಲೆಯಾಡಿಸುತ್ತಾ ಕೂತಿದ್ದಳು. ಅವ್ವನನ್ನು ಕರೆದೊಯ್ಯಲು ಬೆಂಗಳೂರಿನಿಂದ ಬಂದಿದ್ದ ನನಗೆ ಒಳಗೊಳಗೇ ನಗು. ಯಾಕೆಂದರೆ ಅವ್ವನ ಬಾಯಿ ಮುಚ್ಚಿಸುವುದು ಸುಮ್ಮನೆ ಆಗುವ ಕೆಲಸವಲ್ಲ. ಬಸ್ಸಿನಲ್ಲಿ ಪಕ್ಕದವರು ಕೂರುವುದಕ್ಕೆ ಮೊದಲೇ “ಯಾವೂರ್ರೀ ನಿಮ್ದು?” ಅನ್ನುವವಳು ಅವಳು. ಜಗಳೂರಿನಿಂದ ದಾವಣಗೆರೆ ಮುಟ್ಟುವುದರೊಳಗೆ ಆ ಹೆಂಗಸು ಅವ್ವನಿಗೆ ದೂರದ ನೆಂಟಳಾಗಿರುತ್ತಿದ್ದಳು.

ಅವ್ವ ಬೆಂಗಳೂರಿಗೆ ಹೊರಟದ್ದು ನನ್ನಿಂದಾಗಿ. ನನಗೆ ಅಲ್ಲಿ ಸಿಟಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಸರ್ಕಾರಿ ಕೆಲಸವೆಂದು ಅಪ್ಪ ಖುಷಿಯಿಂದಲೇ ಕಳಿಸಿದ್ದರು. ಆಮೇಲೆ ಅವರ ಫೋನಿಗೆ ವಿಡಿಯೋಗಳು ಬರತೊಡಗಿದವು. ಸರ ಕಿತ್ತವರು, ಹೆಣ್ಣುಮಕ್ಕಳನ್ನು ಹಿಂಬಾಲಿಸಿದವರು, ಮತ್ತೇನೇನೋ. ಮೆಕ್ಕೆಜೋಳ ಒಣಹಾಕಿದ ಕಣದಲ್ಲಿ ಕೂತು ಅವೆಲ್ಲವನ್ನೂ ನೋಡಿ ಅಪ್ಪ ನನಗೆ ಫೋನು ಮಾಡುತ್ತಿದ್ದರು. “ಸಾಕು, ಬಿಟ್ಟು ಬಾ. ಊರಾಗೆ ಇದ್ರೆ ಒಪ್ಪೊತ್ತಿನ ರೊಟ್ಟಿಗೇನೂ ಕೊರತೆ ಇಲ್ಲ.” ನಾನು ಸಿಡುಕುತ್ತಿದ್ದೆ. ಅವರೂ ಸಿಡುಕುತ್ತಿದ್ದರು. ಕೊನೆಗೆ ಒಂದು ಮಾತಿಗೆ ಬಂದೆವು. ಅವ್ವ ಹೋಗಿ ನನ್ನ ಜೊತೆ ಇದ್ದು, ಎಲ್ಲ ನೋಡಿ ಬರುವುದು. ಅವಳು ಇರಲಿ ಎಂದರೆ ನಾನು ಇರುವುದು, ಬೇಡ ಎಂದರೆ ರಾಜೀನಾಮೆ ಕೊಟ್ಟು ಮನೆಗೆ ಬರುವುದು.

ಅವ್ವನನ್ನೇ ಕಳಿಸಿದ್ದಕ್ಕೆ ಕಾರಣವಿತ್ತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಸ ಸೀರೆ ಉಟ್ಟು ಅವ್ವನ ಮುಂದೆ ನಿಂತು ಹೆಂಗೈತೆ ಎಂದು ಕೇಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಅಪ್ಪನಿಗೆ ನೆಮ್ಮದಿ, ನನಗೆ ನಡುಕ.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಖಾಕಿ ಹಾಕಿಕೊಂಡು, ಟಿಕೆಟ್ ಮೆಷಿನ್ ಕೊರಳಿಗೆ ನೇತುಹಾಕಿಕೊಂಡು “ರೈಟ್” ಎಂದು ಸೀಟಿ ಊದಿದರೆ ಅಷ್ಟು ದೊಡ್ಡ ಬಸ್ಸು ನನ್ನ ಮಾತು ಕೇಳಿ ಹೊರಡುತ್ತಿತ್ತು. ಬೆಳಗಿನ ಹೊತ್ತು ಖಾಲಿ ಬಸ್ಸಿನಲ್ಲಿ ಮರಗಳ ನೆರಳು ಸೀಟುಗಳ ಮೇಲೆ ಹರಿದು ಹೋಗುವುದನ್ನು ನೋಡುತ್ತಾ ನಿಂತರೆ ನನಗೆ ನಾನೇ ಇನ್ಯಾರೋ ಅನ್ನಿಸುತ್ತಿತ್ತು. ಆ ಇನ್ಯಾರೋ ನನಗೆ ಬಹಳ ಇಷ್ಟವಾಗಿದ್ದಳು.

ಹಾಗೆಂದು ಬೆಂಗಳೂರು ದೇವಲೋಕ ಎಂದು ನಾನು ಹೇಳುವವಳಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಬೇಕೆಂದೇ ಮೈಗೆ ಮೈ ತಾಗಿಸುವವರು ಅಲ್ಲಿ ಇದ್ದಾರೆ. ಸೀರೆಗೂ ಚೂಡಿದಾರಕ್ಕೂ ಚುಚ್ಚಿಕೊಳ್ಳುವ ಪಿನ್ನಿಗೆ ಇನ್ನೊಂದು ಕೆಲಸವೂ ಉಂಟು ಎಂದು ಎಲ್ಲ ಹೆಂಗಸರಿಗೂ ಗೊತ್ತು. ಆದರೆ ಆ ಪಾಠ ನಾನು ಕಲಿತದ್ದು ಬೆಂಗಳೂರಿನಲ್ಲಲ್ಲ, ಹೊನ್ನಾಳಿ ಬಸ್ಸಿನಲ್ಲಿ. ಅವ್ವನ ತವರು ನ್ಯಾಮತಿ. ಅಲ್ಲಿ ಅಜ್ಜಿ ಮನೆಯಲ್ಲಿದ್ದುಕೊಂಡು ಹೊನ್ನಾಳಿಯ ಕಾಲೇಜಿಗೆ ಹೋಗುತ್ತಿದ್ದೆ. ದಿನವೂ ಅದೇ ಬಸ್ಸು, ಅದೇ ಮಂದಿ. ಒಬ್ಬ ದೊಡ್ಡ ಮನುಷ್ಯ ದಿನವೂ ನನ್ನ ಹಿಂದೆಯೇ ನಿಲ್ಲುತ್ತಿದ್ದ. ಅವನು ಯಾರ ಮನೆಯವನು ಎಂದು ಬಸ್ಸಿಗೆಲ್ಲ ಗೊತ್ತಿತ್ತು, ನಾನು ಯಾರ ಮೊಮ್ಮಗಳು ಎಂದೂ ಗೊತ್ತಿತ್ತು. ಹಾಗೆ ಗೊತ್ತಿದ್ದದ್ದರಿಂದಲೇ ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಹೇಳಿದ್ದರೆ ಮೊದಲು ನಿಲ್ಲುತ್ತಿದ್ದದ್ದು ನನ್ನ ಕಾಲೇಜು. ಪಿನ್ನು ಚುಚ್ಚಿದೆ, ಅಷ್ಟೆ.

ಜಗಳೂರಿನಲ್ಲಿ ಅವ್ವನಿಗೆ ಇಂಥ ತೊಂದರೆಯಿಲ್ಲ. ಅವಳನ್ನು ಊರೇ ಕಾಯುತ್ತದೆ. ಅವಳು ಬ್ಲೌಸು ಹೊಲಿಸಲು ಪೇಟೆಗೆ ಹೋದರೂ ದಾರಿಯಲ್ಲಿ ಕಂಡವರೆಲ್ಲ “ಎಲ್ಲಿಗೆ ಹೊಂಟ್ರಿ?” ಅನ್ನುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, ಯಾರೋ ಒಬ್ಬರು ಅಪ್ಪನಿಗೆ ಫೋನು ಹಚ್ಚುತ್ತಾರೆ. “ನಿಮ್ಮನೆಯವ್ರು ದಾವಣಗೆರೆ ಬಸ್ ಹತ್ತಿದ್ರು ನೋಡ್ರಿ, ಸೀಟು ಸಿಕ್ಕೈತೆ.” ಇದೆಲ್ಲ ಪ್ರೀತಿಯೇ. ಪ್ರೀತಿ ಅಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಅಂತೂ ಅವ್ವ ಬೆಂಗಳೂರಿಗೆ ಬಂದಳು. ಬಂದ ಗಳಿಗೆಯಿಂದ ಮೌನವ್ರತ. ನನ್ನ ರೂಮಿನ ಓನರಮ್ಮ ಊಟ ಆಯಿತಾ ಎಂದು ಕೇಳಿದರೂ ನನ್ನ ಮುಖ ನೋಡುತ್ತಿದ್ದಳು. ಕೊರಳಲ್ಲಿ ಹಳದಿ ದಾರ, ಅರಿಶಿನದ ಕೊಂಬು. ಅವಳ ಫೋನು ನನ್ನ ಬ್ಯಾಗಿನಲ್ಲಿ, ಯಾರೂ ಕಿತ್ತುಕೊಂಡು ಓಡದ ಹಾಗೆ. ನಾನು ಡ್ಯೂಟಿಗೆ ಹೊರಟರೆ ರೂಮಿನಲ್ಲಿ ಒಬ್ಬಳೇ ಇರಲಾರೆ ಎಂದಳು. ಹೆಂಗಸರಿಗೆ ಹೇಗೂ ಬಸ್ಸು ಫ್ರೀ. ನನ್ನ ಬಸ್ಸಿನಲ್ಲೇ ಕೂರಿಸಿಕೊಂಡೆ. ಮುಂದಿನ ಲೇಡೀಸ್ ಸೀಟಿನಲ್ಲಿ, ಕಿಟಕಿಯ ಪಕ್ಕ. ಬಸ್ಸು ಹೋಗಿ ಬರುವಷ್ಟು ಸಲವೂ ಅವಳೂ ಹೋಗಿ ಬರುತ್ತಿದ್ದಳು. ಆಗಾಗ ಹಿಂದಿನಿಂದ ನೋಡುತ್ತಿದ್ದೆ. ತಲೆ ಕಿಟಕಿಯ ಕಡೆಗೆ ವಾಲಿರುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಅವಳ ಮನಸ್ಸಿನಲ್ಲಿ ನನ್ನ ಕೆಲಸದ ತೀರ್ಪು ತಯಾರಾಗುತ್ತಿದೆ ಎಂದು ನೆನೆದು ನನಗೆ ಚಿಲ್ಲರೆ ಕೊಡುವುದೂ ಮರೆಯುತ್ತಿತ್ತು.

ಅದು ಆದದ್ದು ಒಂದು ಮಧ್ಯಾಹ್ನ, ಬಸ್ಸು ತುಂಬಿ ತುಳುಕುತ್ತಿದ್ದಾಗ. ಸೊಪ್ಪು ಮಾರುವ ಒಬ್ಬ ಅಜ್ಜಿ ದೊಡ್ಡ ಮಂಕರಿ ಇಟ್ಟುಕೊಂಡು ಅವ್ವನ ಮುಂದೆಯೇ ನಿಂತಿದ್ದಳಂತೆ. ಅವಳ ಸ್ಟಾಪು ಬಂತು. ನಮ್ಮ ಕಡೆಯ ಬಸ್ಸುಗಳಲ್ಲಿ ವಯಸ್ಸಾದವರು ಭಾರ ಇಟ್ಟುಕೊಂಡು ಇಳಿಯುವಾಗ ಹತ್ತಿರ ಕೂತವರು ಎದ್ದು, ತಾವೂ ಇಳಿದು, ಹೊರೆ ತಲೆಗೆ ಎತ್ತಿಕೊಟ್ಟು, ಮತ್ತೆ ಹತ್ತುತ್ತಾರೆ. ಅಷ್ಟು ಹೊತ್ತು ಬಸ್ಸು ನಿಲ್ಲುತ್ತದೆ. ಡ್ರೈವರು ಹೊರಡಲು ನೋಡಿದರೆ ಒಳಗಿನವರೆಲ್ಲ “ತಡೀರಿ, ತಡೀರಿ” ಅನ್ನುತ್ತಾರೆ. ಅವ್ವನ ಮಟ್ಟಿಗೆ ಬಸ್ಸು ಅಂದರೆ ಹಾಗೆಯೇ. ಅವಳು ಎದ್ದಳು, ಮಂಕರಿ ಹಿಡಿದು ಇಳಿದಳು, ಅಜ್ಜಿಯ ತಲೆಗೆ ಎತ್ತಿಟ್ಟಳು. ತಿರುಗಿ ನೋಡುವುದರೊಳಗೆ ಬಾಗಿಲು ತಾನೇ ಮುಚ್ಚಿಕೊಂಡು ಬಸ್ಸು ಹೊರಟಿತ್ತು. ಸೀಟಿ ಊದಿದವಳು ನಾನೇ. ಹಿಂದಿನ ಬಾಗಿಲ ಹತ್ತಿರ ಟಿಕೆಟ್ ಹರಿಯುತ್ತಿದ್ದೆ.

ಅವ್ವ ಕೂಗಲಿಲ್ಲ. ಬಾಯಿ ಬಿಡಬ್ಯಾಡ ಎಂದಿದ್ದರಲ್ಲ ಅತ್ತೆ.

ನನಗೆ ಗೊತ್ತಾದದ್ದು ಕೊನೆಯ ಸ್ಟಾಪಿನ ಹತ್ತಿರ ಬಸ್ಸು ಖಾಲಿಯಾದಾಗ. ಅವ್ವನ ಜಾಗದಲ್ಲಿ ಯಾರೋ ಕಾಲೇಜು ಹುಡುಗಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದಳು. ಇಲ್ಲಿ ಕೂತಿದ್ದ ಅಮ್ಮ ಎಲ್ಲಿ ಎಂದರೆ ಯಾವ ಅಮ್ಮ ಅಂದಳು. ಬಸ್ಸಿನ ಆ ತುದಿಯಿಂದ ಈ ತುದಿಗೆ ಓಡಿ ಹುಡುಕಿದೆ. ಅತ್ತೆಯ ಕತೆಗಳಿಗೆ ನಕ್ಕವಳು ನಾನು. ಅಪ್ಪನ ವಿಡಿಯೋಗಳಿಗೆ ಸಿಡುಕಿದವಳು ನಾನು. ಆ ಗಳಿಗೆಯಲ್ಲಿ ಅವೆಲ್ಲವೂ, ಒಂದೂ ಬಿಡದೆ, ನಿಜ ಎಂದು ನಂಬಿಬಿಟ್ಟೆ. ಫೋನಿಲ್ಲ, ನನ್ನ ವಿಳಾಸ ಇಲ್ಲ, ಬಾಯಿ ಬೇರೆ ಬಿಡುವುದಿಲ್ಲ. ಈ ಊರು ಅವಳನ್ನು ನುಂಗಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅಳು ಬಂತು. ಬಂದ ಅಳುವನ್ನು ಖಾಕಿ ತೋಳಿಗೆ ಒರೆಸಿಕೊಂಡೆ.

ಡ್ರೈವರಣ್ಣ ಗದಗದ ಕಡೆಯವರು, ದೊಡ್ಡ ಜೀವ. ಟೈಮ್‌ಕೀಪರಿಗೆ ಹೇಳಿ, ಹಿಂದಿನಿಂದ ಬರುವ ಬಸ್ಸುಗಳ ಕಂಡಕ್ಟರುಗಳಿಗೆಲ್ಲ ತಾವೇ ಫೋನು ಮಾಡಿದರು. “ಎಲ್ಲಿ ಇಳಿದಾರೋ ಗೊತ್ತಿಲ್ಲ ತಂಗಿ, ನಡಕೊಂಡು ಹುಡುಕಿದ್ರ ಸಿಗೂದಿಲ್ಲ. ಇದ ರೋಡಿನ್ಯಾಗ ವಾಪಸ್ ಹೋಗೂಣು. ನೀ ಬಲಗಡೆ ಕಿಟಕ್ಯಾಗಿಂದ ನೋಡ್ಕೋತ ಬಾ” ಅಂದರು. ಹೋದೆವು. ನಾನು ಬಲಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಪ್ರತಿ ಸ್ಟಾಪಿನಲ್ಲೂ “ಅವ್ವಾ” ಎಂದು ಕೂಗಿದೆ. ಎದುರುಗಡೆಯ ರಸ್ತೆ, ನಡುವೆ ಗೋಡೆ, ಗೋಡೆಯಾಚೆ ಬಸ್ಸುಗಳ ಸಾಲು. ಎಲ್ಲೂ ಕಾಣಲಿಲ್ಲ. ಮತ್ತೆ ತಿರುಗಿ ಬಂದೆವು. ಆಗ ಕಂಡಳು.

ಬಸ್ ಶೆಲ್ಟರಿನ ಹಿಂದೆ ಹೊಂಗೆಮರದ ನೆರಳಿನಲ್ಲಿ ಗೋಣಿಚೀಲದ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ತೊಡೆಯ ಮೇಲೆ ಕೊತ್ತಂಬರಿ ಸೊಪ್ಪು. ಒಂದೊಂದೇ ಎಳೆ ಆರಿಸಿ ಕಟ್ಟು ಕಟ್ಟುತ್ತಿದ್ದಳು. ಆ ಸೊಪ್ಪಿನಜ್ಜಿ ಪಕ್ಕದಲ್ಲಿ ಏನೋ ಹೇಳುತ್ತಾ ಇದ್ದಳು. ನಾನು ಓಡಿದೆ. ನಾನು ಬಾಯಿ ತೆರೆಯುವುದರೊಳಗೆ ಅಜ್ಜಿಯೇ ಅಂದಳು.

“ನಿಮ್ ಕಡೆಯೋರಾ ಇವ್ರು? ಪಾಪ, ಮೂಗಿ ಕಣಮ್ಮ. ಕಿವೀನೂ ಕೇಳ್ಸಲ್ಲ. ತಾಳಿಗೆ ಬಂಗಾರಾನೂ ಇಲ್ದಿರೋ ಬಡವಿ. ಮೊಸರನ್ನ ಹಾಕಿದೀನಿ, ತಿಂದ್ರು. ಯಾರಾದ್ರೂ ಹುಡುಕ್ಕೊಂಡು ಬಂದೇ ಬರ್ತಾರೆ ಅಂತ ನಾನೂ ಎದ್ದು ಹೋಗ್ಲಿಲ್ಲ.”

ಅವ್ವ ನನ್ನನ್ನು ನೋಡಿದಳು. ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದಳು. ಅಷ್ಟು ಒಳ್ಳೆಯ ಹೆಂಗಸಿನ ಮುಂದೆ ತನಗೆ ಬಾಯಿದೆ ಎಂದು ತೋರಿಸುವುದಕ್ಕೆ ಅವಳಿಗೆ ನಾಚಿಕೆ. ಅಜ್ಜಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅಜ್ಜಿ ಅವಳ ಸೆರಗಿಗೆ ಒಂದು ಕಟ್ಟು ಮೆಂತ್ಯಸೊಪ್ಪು ತುರುಕಿದಳು. ನಾನು ನನ್ನ ಮೂಗಿ ಅವ್ವನನ್ನು ಕೈಹಿಡಿದು ಬಸ್ಸು ಹತ್ತಿಸಿದೆ.

ರೂಮಿಗೆ ಹೋದ ಮೇಲೂ ಅವಳು ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಹೆದರಿರುತ್ತಾಳೆ, ತೀರ್ಪು ಆಗಿಹೋಯಿತು, ನನ್ನ ಖಾಕಿ ಇನ್ನು ಮಡಚಿ ಇಡುವುದೇ ಎಂದುಕೊಂಡೆ. ಮೆಂತ್ಯಸೊಪ್ಪಿನ ಪಲ್ಯ ಬಹಳ ಚೆನ್ನಾಗಿತ್ತು.

ರಜೆ ಹಾಕಿ ಅವ್ವನನ್ನು ಊರಿಗೆ ಕರೆದುಕೊಂಡು ಹೊರಟೆ. ಅತ್ತೆಯ ಅಪ್ಪಣೆಯಂತೆ ಮೊದಲು ಕೆರೆಬಿಳಚಿಗೆ ಹೋಗಬೇಕು, ಅವರನ್ನೂ ಕರೆದುಕೊಂಡು ಜಗಳೂರಿಗೆ ಹೋಗಬೇಕು. ತೀರ್ಪು ಹೇಳುವಾಗ ಅವರಿಲ್ಲದಿದ್ದರೆ ಹೇಗೆ? ಅವರ ಮನೆಯಲ್ಲಿ ಅತ್ತೆ ಏನು ಕೇಳಿದರೂ ಅವ್ವ “ಅಲ್ಲೇ ಹೇಳ್ತೀನ್ರಿ ಅತ್ತಿಗೆ, ಒಂದೇ ಸಲ” ಎಂದುಬಿಟ್ಟಳು. ಸಂಜೆ ಅತ್ತೆ ದನದ ಕೆಲಸದಲ್ಲಿದ್ದಾಗ, ಸೂಳೆಕೆರೆ ನೋಡಿ ಬರೋಣ ಬಾ ಎಂದು ಅವ್ವನೇ ನನ್ನನ್ನು ಆಟೋ ಹತ್ತಿಸಿದಳು.

ಏರಿಯ ಮೇಲೆ ಗಾಳಿ ಬಲವಾಗಿತ್ತು. ಕೆರೆಯ ಆಚೆ ದಡ ಇದೆಯೋ ಇಲ್ಲವೋ ಅನ್ನುವಷ್ಟು ಮಬ್ಬು. ದೂರದಲ್ಲಿ ಮೀನಿನವರ ಒಂದು ತೆಪ್ಪ ನಿಂತಲ್ಲೇ ಮೆಲ್ಲಗೆ ತಿರುಗುತ್ತಿತ್ತು. ನೀರು ಕಲ್ಲಿಗೆ ತಾಗುವ ಸದ್ದು ಬಿಟ್ಟರೆ ಏನೂ ಇಲ್ಲ. ಅವ್ವ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತಳು. ಆಮೇಲೆ, ಅವಳಾಗಿಯೇ, ಆ ಮಧ್ಯಾಹ್ನದ ಮಾತು ತೆಗೆದಳು.

ಬಸ್ಸು ಹೋದ ಮೇಲೆ ಮೊದಮೊದಲು ಎದೆ ಹೊಡೆದುಕೊಂಡಿತಂತೆ. ಆ ಅಜ್ಜಿ ಯಾವೂರು, ಎಲ್ಲಿಗೆ ಹೋಗಬೇಕು ಎಂದು ಕೇಳಿದರೂ ಅವ್ವ ಬಾಯಿ ಬಿಡಲಿಲ್ಲ. ಅಜ್ಜಿ ಕೈಸನ್ನೆ ಮಾಡಿ ಕೂರಿಸಿಕೊಂಡಳು. “ಮೂಗಿ ಅಂತ ನಾ ಹೇಳ್ಲಿಲ್ಲ ಮಗಾ. ಅವರೇ ಅಂದ್ಕೊಂಡ್ರು” ಎಂದು ಅವ್ವ ಇಲ್ಲಿ ಒಂದು ಸಮಜಾಯಿಷಿ ಕೊಟ್ಟಳು. ಆಮೇಲೆ ಹೆದರಿಕೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲವಂತೆ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಯಾರ ಕಣ್ಣೂ ಅವಳ ಮೇಲೆ ನಿಲ್ಲುತ್ತಿರಲಿಲ್ಲ. ಮರದ ನೆರಳು ಅವಳ ಕಾಲಿನಿಂದ ಸೊಂಟಕ್ಕೆ ಏರಿತು. ಅಜ್ಜಿ ತನ್ನ ಸೊಸೆಯ ಮೇಲಿನ ಸಿಟ್ಟು, ಸತ್ತ ಮಗಳು, ಮಂಡಿನೋವು ಎಲ್ಲವನ್ನೂ ಹೇಳಿಕೊಂಡಳು, ಕೇಳಿಸದವಳಿಗೆ ಹೇಳುವ ನಿರಾಳದಲ್ಲಿ. ಅವ್ವ ಸೊಪ್ಪು ಕಟ್ಟುತ್ತಾ ಕೇಳಿದಳು. ಹ್ಞೂಂ ಅನ್ನುವ ಕೆಲಸವೂ ಇರಲಿಲ್ಲ. ತಾನು ಯಾರ ಹೆಂಡತಿ, ಯಾರ ಸೊಸೆ ಎಂಬುದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಒಂದು ಹೊತ್ತಿನಲ್ಲಿ ತನಗೂ ಅದು ಮರೆತು ಹೋಯಿತು ಎಂದಳು. “ನಿದ್ದೆಯಾಗೆ ತೇಲಿದಂಗೆ ಇತ್ತು. ಎಚ್ಚರಾನೂ ಇದ್ದೆ.”

ನಾನು ಅವಳ ಮುಖ ನೋಡಿದೆ. ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

“ನಿನ್ನ ಬಸ್ಸು ಮೊದಲನೇ ಸಲ ವಾಪಸ್ ಹೋತಲ್ಲ, ಅವಾಗ ನೋಡಿದ್ನೆ. ನೀ ಕಿಟಕಿಯಾಗೆ ತಲೆ ಹಾಕಿ ಅಳ್ತಿದ್ದೆ. ನೀ ಅವ್ವಾ ಅಂತ ಕೂಗಿದ್ದೂ ಕೇಳಿಸ್ತು.”

“ಕೇಳಿಸಿತ್ತಾ?”

“ಹೂಂ. ಎದ್ದು ನಿಂತು ಕೈ ಎತ್ತಿದ್ರೆ ನಿನಗೆ ಕಾಣ್ತಿತ್ತು. ಎತ್ತಾಕೆ ಮನಸಾಗ್ಲಿಲ್ಲ. ಇನ್ನೊಂದು ಸಲ ಬಂದೇ ಬರ್ತೀಯ, ಅಲ್ಲೀತನಕ ಕೂತಿರಾಣ ಅಂತ ಕೂತೆ.”

ನನಗೆ ಎಂಥ ಸಿಟ್ಟು ಬಂತೆಂದರೆ ಎದ್ದು ಏರಿಯ ಮೇಲೆ ಸರಸರನೆ ನಡೆದೆ. ಜೀವ ಬಾಯಿಗೆ ಬಂದಿತ್ತು ನನಗೆ. ಅವಳು ಎಲ್ಲೋ ಸತ್ತುಬಿದ್ದಿದ್ದಾಳೆ ಎಂದು ನಾನು ಅಳುತ್ತಿದ್ದರೆ ಇವಳು ಸೊಪ್ಪು ಕಟ್ಟುತ್ತಾ ನನ್ನನ್ನು ನೋಡುತ್ತಿದ್ದಳು! ಅವಳನ್ನು ಅಲ್ಲಿಯೇ ಬಿಟ್ಟು ಹೋಗಿಬಿಡಬೇಕು ಅನ್ನಿಸಿತು. ತಿರುಗಿ ನೋಡಿದರೆ ಅಷ್ಟು ಅಗಲದ ನೀರಿನ ಮುಂದೆ ಅವಳು ಪುಟ್ಟದಾಗಿ ಕೂತಿದ್ದಳು, ಸೆರಗು ಗಾಳಿಗೆ ಹಾರುತ್ತಿತ್ತು, ಹಿಡಿದು ಸರಿಮಾಡಿಕೊಳ್ಳುತ್ತಲೂ ಇರಲಿಲ್ಲ. ನನ್ನ ಸಿಟ್ಟು ಇಳಿಯಲಿಲ್ಲ, ಆದರೂ ವಾಪಸು ಬಂದು ಪಕ್ಕದಲ್ಲಿ ಕೂತೆ.

“ಇದನ್ನ ಅಪ್ಪಗೆ ಹೇಳಬ್ಯಾಡ ಅವ್ವ” ಎಂದೆ. “ಕಳೆದುಹೋಗಿದ್ದೆ ಅಂದ್ಯೋ, ನನ್ನ ಕೆಲಸ ಮುಗೀತು.”

“ಕೇಳಿದ್ರೆ ಹೇಳ್ಬೇಕಾಗ್ತೈತೆ ಮಗಾ” ಅಂದಳು ಅವ್ವ.

ಮರುದಿನ ಜಗಳೂರಿನ ಮನೆಯ ಪಡಸಾಲೆಯಲ್ಲಿ ಅಪ್ಪ ಶೇಂಗಾ ಸುಲಿಯುತ್ತಾ ಕೂತಿದ್ದರು. ಅತ್ತೆ ಕಂಬಕ್ಕೆ ಒರಗಿ ಕೂತರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತೆ. ನೀರು ಕುಡಿದಾದ ಮೇಲೆ ಅಪ್ಪ ಕೇಳಿದರು.

“ಹೇಳು. ಹೆಂಗೈತೆ ಅಲ್ಲಿ? ಮಗಳು ಇರಬೋದೋ, ಬ್ಯಾಡೋ?”

“ನಾನು ಅಲ್ಲಿ ಕಳೆದುಹೋಗಿದ್ದೆ ಕಣ್ರೀ” ಅಂದಳು ಅವ್ವ.

ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ “ನಾ ಹೇಳ್ಲಿಲ್ವಾ!” ಎಂದು ತೊಡೆ ತಟ್ಟಿದರು. ಅವ್ವ ಎಲ್ಲವನ್ನೂ ಹೇಳಿದಳು. ಮಂಕರಿ, ಮೊಸರನ್ನ, ಮೂಗಿ ಎಂದುಕೊಂಡದ್ದು, ನಾನು ಕೂಗಿದ್ದು, ತಾನು ಕೈ ಎತ್ತದೆ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಅಪ್ಪನ ಕೈ ನಿಂತಿತ್ತು.

“ನಿನಗೇನು ತಲೆ ಕೆಟ್ಟೈತಾ?” ಅಂದರು ಅತ್ತೆ. “ಏನಾರ ಆಗಿದ್ರೆ? ಕಾಯೋರು ಯಾರಿದ್ರು ಅಲ್ಲಿ ನಿನ್ನ?”

“ಯಾರೂ ಇರ್ಲಿಲ್ರಿ ಅತ್ತಿಗೆ” ಅಂದಳು ಅವ್ವ. “ಹುಟ್ಟಿದಾಗಿನಿಂದ ಯಾರಾದ್ರೂ ಒಬ್ರು ನನ್ನ ಕಾಯ್ತಾನೇ ಅದಾರೆ. ನ್ಯಾಮತಿಯಾಗೆ ನಮ್ಮಪ್ಪ, ಇಲ್ಲಿ ಇವರು, ಬಸ್‌ಸ್ಟ್ಯಾಂಡಿನಾಗೆ ಊರೋರೆಲ್ಲ. ಅವತ್ತೊಂದು ಮಧ್ಯಾಹ್ನ ಯಾರೂ ಕಾಯ್ಲಿಲ್ಲ. ಏನೂ ಆಗ್ಲಿಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿ, “ಅಲ್ಲಿ ಕಳ್ಳರಿಲ್ಲ ಅಂತ ನಾ ಹೇಳಾಕಿಲ್ಲ. ಇರ್ತಾರೆ. ಆದ್ರೂ ಇವಳು ಅಲ್ಲೇ ಇರ್ಲಿ” ಅಂದಳು.

ಅತ್ತೆ ಅಪ್ಪನ ಕಡೆ ನೋಡಿದರು. ನಾನೂ ನೋಡಿದೆ. ಅಪ್ಪ ನಮ್ಮಿಬ್ಬರನ್ನೂ ನೋಡಲಿಲ್ಲ. ಮಡಿಲಲ್ಲಿದ್ದ ಶೇಂಗಾ ಸಿಪ್ಪೆಯನ್ನು ಮೊರಕ್ಕೆ ಸುರಿದು, ಪಂಚೆ ಕೊಡವಿಕೊಂಡು, ಅವ್ವನ ಎದುರಿಗೆ ಬಂದು ಕೂತರು. ಇಷ್ಟು ವರ್ಷದಲ್ಲಿ ಅವರು ಅವ್ವನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ನಿನಗೆ ಮತ್ತೆ ಅಲ್ಲಿಗೆ ಹೋಗ್ಬೇಕು ಅನ್ನಿಸ್ತೈತಾ?”

ಅವ್ವ ಅವರ ಮುಖವನ್ನೇ ನೋಡುತ್ತಾ “ಹ್ಞೂಂ” ಅಂದಳು.